ಉಪವಾಸದವನ ಕೋಳಿ ವ್ಯವಹಾರ

ಮರ್ವಾನನ ಆಫೀಸು ಇದ್ದದ್ದು ಮೆಕ್ನೆಸ್ ಹಳೇಪೇಟೆಯ ಸೀ ಅಲ್ಲಾಲರ, ಅಂದರೆ ಅಲ್ಲಾಲ್ ಸಾಹೇಬರ, ಕೆಫೆಯಲ್ಲಿ, ಕಕ್ಕಸಿನ ಬಾಗಿಲಿಗೆ ಅಂಟಿಕೊಂಡಿದ್ದ ಮೇಜಿನಲ್ಲಿ. ಆ ಮೇಜಿಗೆ ಯಾರ ಪೈಪೋಟಿಯೂ ಇರಲಿಲ್ಲ. ವೈಫೈ ಪೆಟ್ಟಿಗೆಯೂ ಅದರ ನೆತ್ತಿಯ ಮೇಲೇ ಇತ್ತು. ಬೆಳಿಗ್ಗೆ ಒಂದು ಗ್ಲಾಸು ಅರ್ಧ ಹಾಲು ಅರ್ಧ ಕಾಫಿ ತರಿಸಿದನೆಂದರೆ ಅದನ್ನು ಸಂಜೆಯವರೆಗೆ ಎಳೆಯುತ್ತಿದ್ದ. ಒಂದು ಕಾಫಿಯ ಬೆಲೆಗೆ ಕುರ್ಚಿ, ಕರೆಂಟು, ಇಂಟರ್ನೆಟ್ಟು, ಕೇಳಿದಷ್ಟು ನೀರು. ಇಷ್ಟು ಅಗ್ಗದ ಆಫೀಸು ಕಾಸಾಬ್ಲಾಂಕದ ಕೋಟ್ಯಧೀಶರಿಗೂ ಸಿಕ್ಕಿರಲಿಕ್ಕಿಲ್ಲವೆಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

"ನೀನು ಕಾಫಿ ಕುಡಿಯಲ್ಲ ಕಣೋ, ಅದಕ್ಕೆ ವಯಸ್ಸಾಗೋದನ್ನ ನೋಡ್ತಾ ಕೂರ್ತೀಯ," ಎನ್ನುತ್ತಿದ್ದರು ಅಲ್ಲಾಲರು. ಆದರೂ ಎಬ್ಬಿಸಿ ಕಳಿಸಿದವರಲ್ಲ.

ಮರ್ವಾನ್ ಭೂಗೋಳದಲ್ಲಿ ಪದವಿ ಪಡೆದವನು. ಜಗತ್ತಿನ ದೊಡ್ಡ ನದಿಗಳೆಲ್ಲ ಎಲ್ಲಿ ಹುಟ್ಟುತ್ತವೆಂದು ಅವನಿಗೆ ಗೊತ್ತಿತ್ತು. ಸಂಬಳ ಎಲ್ಲಿ ಹುಟ್ಟುತ್ತದೆಂಬುದು ಮಾತ್ರ ಬಹಳ ವರ್ಷ ಪತ್ತೆಯಾಗಿರಲಿಲ್ಲ. ಕಡೆಗೆ ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ, ಮನೆಬಾಗಿಲಿಗೆ ಊಟ ತಲುಪಿಸುವ ಒಂದು ಕಂಪನಿಯಲ್ಲಿ. ಅಲ್ಲಿಯ ಗಿರಾಕಿಗಳ ಊಟ ತಡವಾದರೆ, ಆರಿದರೆ, ಅದಲುಬದಲಾದರೆ ಫೋನು ಬಂದು ಬೀಳುತ್ತಿದ್ದದ್ದು ಈ ಕಕ್ಕಸಿನ ಪಕ್ಕದ ಮೇಜಿಗೆ. ಕಂಪನಿ ಅವನಿಗೆ ಮಾರ್ತಿನ್ ಎಂದು ಹೆಸರಿಟ್ಟಿತ್ತು. ಹಗಲೆಲ್ಲ ಮಾರ್ತಿನ್ ಆಗಿ ಕ್ಷಮೆ ಕೇಳುವುದು, ಮಿಕ್ಕ ಹೊತ್ತು ಮರ್ವಾನ್ ಆಗಿ ಅದೇ ಅಭ್ಯಾಸ ಮುಂದುವರಿಸುವುದು, ಹೀಗೆ ಅವನ ಬದುಕು ಸುಸೂತ್ರವಾಗಿ ನಡೆದಿತ್ತು. ಮನೆಯಲ್ಲೇ ಕೂತು ಮಾಡೋಣವೆಂದರೆ ಅಲ್ಲಿ ಅಮ್ಮ, ಅಜ್ಜಿ, ಅಕ್ಕ, ಅಕ್ಕನ ಮಕ್ಕಳು, ಟೀವಿ. ಮಾರ್ತಿನ್ನನ ಬೆನ್ನ ಹಿಂದೆ ಅಷ್ಟು ದೊಡ್ಡ ಸಂಸಾರ ಕೇಳಿಸುವುದು ಕಂಪನಿಗೆ ಇಷ್ಟವಿರಲಿಲ್ಲ.

ತೊಡಕು ಬಂದದ್ದು ರಂಜಾನ್ ತಿಂಗಳಲ್ಲಿ. ಹಗಲಿಡೀ ಊರಿನ ಕೆಫೆಗಳೆಲ್ಲ ಬಾಗಿಲು ಹಾಕುತ್ತವೆ. ಅಲ್ಲಾಲರೇ ಒಂದು ದಾರಿ ಹುಡುಕಿದರು. ಬೆಳಿಗ್ಗೆ ಬಂದು ಶಟರನ್ನು ಮೊಣಕಾಲೆತ್ತರಕ್ಕೆ ಎಬ್ಬಿಸಿ ಹೋಗುವುದು, ಮರ್ವಾನ್ ಅದರಡಿ ನುಸುಳುವುದು.

"ಒಳಗೆ ಕಾಫಿ ಇಲ್ಲ, ನೀರಿಲ್ಲ, ನಾನೂ ಇಲ್ಲ. ಇಂಟರ್ನೆಟ್ ಮಾತ್ರ ಇದೆ. ಅದರಿಂದ ಉಪವಾಸ ಕೆಡಲ್ಲ ಅಂದ್ಕೊಂಡಿದೀನಿ," ಎಂದರು.

ಫ್ರಾನ್ಸೆಲ್ಲ ಊಟಕ್ಕೆ ಕೂರುವ ಹೊತ್ತಿಗೆ ಮರ್ವಾನ್ ಆ ಕತ್ತಲೆ ಕೆಫೆಯಲ್ಲಿ ಒಬ್ಬನೇ ಕೂತು, ನಾಲಿಗೆ ಅಂಗುಳಕ್ಕೆ ಅಂಟಿ, ಚೀಸು ಕರಗದ ಕೋಳಿಯ ಬಗ್ಗೆಯೂ ಮೆತ್ತಗಾದ ಆಲೂಗಡ್ಡೆಯ ಬಗ್ಗೆಯೂ ವಿವರವಾಗಿ ಕೇಳಿಸಿಕೊಳ್ಳುತ್ತಿದ್ದ. ಕೋಳಿಯ ಫೋಟೋ ಕಳಿಸಿ ಎಂದು ತಾನೇ ಬಾಯಿಬಿಟ್ಟು ಕೇಳಬೇಕಿತ್ತು. ಅದು ಕಂಪನಿಯ ನಿಯಮ. ಅವರು ಕಳಿಸುತ್ತಿದ್ದರು, ದೊಡ್ಡದಾಗಿಯೇ.

ಕೆಫೆಯ ಎದುರಿಗೆ ಸೀ ಬೂಶ್ತಾ ಅವರ ಗುಂಡಿ, ನೂಲು, ಜರಿಪಟ್ಟಿಯ ಅಂಗಡಿ. ಅವರ ಮಗಳು ಹಸ್ನಾ ಅದೇ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮರ್ವಾನನಿಗೆ ಆ ವರ್ಷ ಬಂದಷ್ಟು ತಲೆನೋವು ಜನ್ಮದಲ್ಲಿ ಬಂದಿರಲಿಲ್ಲ. ಪ್ರತಿ ತಲೆನೋವಿಗೂ ಅವಳ ಹತ್ತಿರವೇ ಹೋಗಿ ಮಾತ್ರೆ ತರುತ್ತಿದ್ದ. ಹಾಗೆ ಬೆಳೆದ ಸಂಗತಿ ಈಗ ದೊಡ್ಡವರ ಕಿವಿಗೂ ಬಿದ್ದು, ಬರುವ ಶುಕ್ರವಾರ ರಾತ್ರಿ ಅವನ ಅಮ್ಮ ಹೆಣ್ಣು ಕೇಳಲು ಹೋಗುವುದೆಂದು ಮಾತಾಗಿತ್ತು. ಬೂಶ್ತಾ ಅವರು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. "ಬರಲಿ, ಚಹಾ ಕುಡೀಲಿ" ಎಂದಿದ್ದರು.

ಸೋಮವಾರ ಹಸ್ನಾಳ ಫೋನು ಬಂತು.

"ಶುಕ್ರವಾರ ನಿಮ್ಮಮ್ಮ ಬರೋದೇ ಬೇಡ ಅಂತಿದಾರೆ ಅಪ್ಪ."

"ಯಾಕೆ? ನನ್ನ ಸಂಬಳ ಗೊತ್ತಾಯ್ತಾ?"

"ಸಂಬಳ ಅಲ್ಲ. ನೀನು ಹಗಲುಹೊತ್ತು ಶಟರಿನ ಹಿಂದೆ ಕೂತು ಕೋಳಿ ತಿಂತೀಯಂತೆ."

ಬೂಶ್ತಾ ಯೌವನದಲ್ಲಿ ಮಾರ್ಸೇಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದವರು. ಅವರ ಫ್ರೆಂಚ್ ಅಷ್ಟೂ ಒಲೆಯ ಸುತ್ತಲಿನದು. ಕೆಫೆಯ ಪಕ್ಕದ ನೆರಳಿನಲ್ಲಿ ನಿಂತಿದ್ದಾಗ ಒಳಗಿನ ಮರ್ವಾನನ ಮಾತನ್ನು ಕಿವಿಯಾರೆ ಕೇಳಿಸಿಕೊಂಡಿದ್ದರು: ಕೋಳಿ ಬಿಸಿಯಿತ್ತೇ, ಚೀಸು ಸಾಕಾಗಲಿಲ್ಲವೇ, ಸಾಸು ಚೆಲ್ಲಿತೇ. ಹಗಲು ಅರ್ಧ ಮುಚ್ಚಿದ ಕೆಫೆ, ಒಳಗೊಬ್ಬ ಹುಡುಗ, ಬಾಯಲ್ಲಿ ಕೋಳಿ. ಇನ್ನು ಯಾವ ಸಾಕ್ಷಿ ಬೇಕು?

"ನಾನು ಅದನ್ನ ಕೇಳಿಸಿಕೊಳ್ಳೋನು ಹಸ್ನಾ, ತಿನ್ನೋನಲ್ಲ."

"ಹೇಳಿದೆ. ತಿಂದವರ ಕಷ್ಟ ಕೇಳೋದಕ್ಕೆ ಸಂಬಳ ಕೊಡೋ ಹುಚ್ಚರು ಯಾವ ದೇಶದಲ್ಲಿದಾರೆ ಅಂದ್ರು."

"ಒಂದಿನ ಬಂದು ನನ್ನ ಪಕ್ಕ ಕೂತು ನೋಡಲಿ."

"ಅವರಾ? ಆ ಶಟರಿನಡಿ? ಯಾರಾದ್ರೂ ನೋಡಿದ್ರೆ ಬೂಶ್ತಾನೂ ತಿನ್ನೋಕೆ ಹೋದ ಅಂತಾರೆ, ಮರ್ವಾನ್."

ಅದು ನಿಜವಾಗಿತ್ತು. ಆ ಬೀದಿಯಲ್ಲಿ ಮನುಷ್ಯ ಬಡವನಾಗಿರಬಹುದು, ಸೋಮಾರಿಯಾಗಿರಬಹುದು, ಭೂಗೋಳವನ್ನೂ ಓದಿರಬಹುದು. ರಂಜಾನಿನ ಹಗಲು ತಿಂದವನೆಂಬ ಹೆಸರು ಬಂದರೆ ಮಾತ್ರ ಅದು ಮೊಮ್ಮಕ್ಕಳ ಕಾಲಕ್ಕೂ ಅಳಿಯದು. ಅವನಿಗೆ ಸದ್ಯಕ್ಕೆ ಆ ಮೊಮ್ಮಕ್ಕಳು ಹುಟ್ಟುವ ದಾರಿಯೇ ಮುಚ್ಚಿಹೋಗುವಂತಿತ್ತು.

ಹಸ್ನಾ ಜಗಳವಾಡಲಿಲ್ಲ. ಎರಡು ಸಂಜೆ ಬಾಂಗು ಕೇಳಿದ ಮೇಲೆ ಅಪ್ಪನ ಮುಂದೆ ಸೂಪಿನ ಬಟ್ಟಲಿಟ್ಟು, ಒಂದೂ ಮಾತಾಡದೆ ಎದ್ದುಹೋದಳು. ದಿನವಿಡೀ ಹಸಿದವರಿಗೂ ಆ ಸೂಪು ಗಂಟಲಲ್ಲಿ ಇಳಿಯಲಿಲ್ಲ.

ಬುಧವಾರ ಮಧ್ಯಾಹ್ನ ಶಟರಿನಡಿ ಮೊದಲು ಒಂದು ಹಳದಿ ಚಪ್ಪಲಿ ಕಾಣಿಸಿತು, ಆಮೇಲೆ ಒಂದು ಕೈ, ಆಮೇಲೆ ಕಣ್ಣಿನವರೆಗೂ ಟೊಪ್ಪಿಗೆ ಎಳೆದುಕೊಂಡ ನಿಲುವಂಗಿ. ಸೀ ಬೂಶ್ತಾ ಕಳ್ಳನ ಹಾಗೆ ತೆವಳಿಕೊಂಡು ಬಂದು ಎದ್ದು ನಿಂತು ಮೊಣಕಾಲು ಕೊಡವಿದರು.

"ಸಲಾಂ, ಸೀ ಬೂಶ್ತಾ. ಕೂತ್ಕೊಳ್ಳಿ," ಎಂದ ಮರ್ವಾನ್. ಗಾಬರಿಯಲ್ಲಿ "ಏನು ತಗೋತೀರಿ?" ಎಂದೂ ಕೇಳಿಬಿಟ್ಟ.

ಬೂಶ್ತಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದೇ ಅಭ್ಯಾಸ ಅಂತ ಕಾಣುತ್ತೆ."

ಮೇಜಿನ ಕೆಳಗೆ ಬಗ್ಗಿ ನೋಡಿದರು. ಕೌಂಟರಿನ ಹಿಂದೆ ಮೂಸಿದರು. ಕಕ್ಕಸಿನ ಬಾಗಿಲನ್ನೂ ತೆರೆದು ಕೂಡಲೇ ಮುಚ್ಚಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮರ್ವಾನ್ ಅದನ್ನು ಸ್ಪೀಕರಿಗೆ ಹಾಕಿದ.

ಗ್ರೆನೋಬಲ್ಲಿನ ಒಬ್ಬ ಮುದುಕರು. ಒಂಟಿ ಮನುಷ್ಯ, ಮೇಲಿನ ಮಹಡಿ, ಲಿಫ್ಟು ಕೆಟ್ಟಿದೆ. ಕೋಳಿ ಹೇಳಿ ಬಹಳ ಹೊತ್ತಾಯಿತು, ಬಂದಿಲ್ಲ. ಮಾರ್ತಿನ್ ಮನಸಾರೆ ಕ್ಷಮೆ ಕೇಳಿದ. ಮುದುಕರು, ನನಗೆ ಕ್ಷಮೆ ಬೇಡ ಮಗು, ಹೊಟ್ಟೆಗೆ ಬೇಕು ಎಂದರು.

ಬೂಶ್ತಾ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಟೊಪ್ಪಿಗೆ ತಾನಾಗಿಯೇ ಹಿಂದಕ್ಕೆ ಜಾರಿತ್ತು.

"ಯಾಕೋ ಸುಮ್ಮನಿದೀಯ? ಹಸಿದಿದಾರೆ ಅವರು. ಕಳಿಸು ಏನಾದ್ರೂ."

"ನಾನೇನು ಕಳಿಸಲಿ, ಸೀ ಬೂಶ್ತಾ? ನನ್ನ ಕೈಲಿರೋದು ಒಂದು ಕೂಪನ್, ಒಂದು ಕ್ಷಮೆ. ಎರಡೂ ಕೊಟ್ಟಾಯ್ತು."

"ಕೂಪನ್ ತಿಂತಾರಾ? ಕೊಡು ಇಲ್ಲಿ." ಬೂಶ್ತಾ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. "ಮೊಸ್ಯೂ, ಮನೇಲಿ ಮೊಟ್ಟೆ ಇದೆಯಾ?"

ಇತ್ತು. ಬೆಣ್ಣೆಯೂ ಇತ್ತು. ಆದರೆ ಹೆಂಡತಿ ತೀರಿಕೊಂಡ ಮೇಲೆ ತಾನು ಒಲೆ ಹಚ್ಚಿಲ್ಲ ಎಂದರು ಮುದುಕರು.

"ಹಚ್ಚಿ ಈಗ. ಬಾಣಲೆ ಇಡಿ. ಬೆಣ್ಣೆ ಹಾಕಿ. ಕಂಜೂಸುತನ ಮಾಡಬೇಡಿ, ಇನ್ನೂ ಹಾಕಿ. ಸದ್ದು ಬರ್ತಿದೆಯಾ? ನಮಗೂ ಕೇಳಿಸಿ."

ಗ್ರೆನೋಬಲ್ಲಿನ ಬೆಣ್ಣೆ ಮೆಕ್ನೆಸ್ಸಿನ ಕೆಫೆಯಲ್ಲಿ ಚೊಂಯ್ ಎಂದಿತು. ಇಬ್ಬರು ಉಪವಾಸಿಗಳು ಒಟ್ಟಿಗೇ ಉಗುಳು ನುಂಗಿದರು. ಬೂಶ್ತಾ ಎದ್ದು ನಿಂತೇಬಿಟ್ಟಿದ್ದರು, ಇಲ್ಲದ ಬಾಣಲೆಯ ಹಿಡಿಯನ್ನು ಗಾಳಿಯಲ್ಲಿ ಅಲುಗಾಡಿಸುತ್ತಿದ್ದರು, ದನಿ ಏರಿತ್ತು. "ಮೊಟ್ಟೆ ಹಾಕಿ! ಉರಿ ಸಣ್ಣ! ಅಂಚಿನಿಂದ ಎಬ್ಬಿಸಿ, ಮಡಿಸಿ, ತಟ್ಟೆಗೆ ಜಾರಿಸಿ! ಆಯ್ತಾ? ಹೇಗಿದೆ?"

ಬಹಳ ಹೊತ್ತು ಬರೀ ಅಗಿಯುವ ಸದ್ದು. ಆಮೇಲೆ ಮುದುಕರು ಕೋಳಿ ಬೇಡ, ರದ್ದು ಮಾಡಿ ಎಂದರು. ಮೊಸ್ಯೂ ಮಾರ್ತಿನ್ ಅವರ ತಂದೆಗೆ ತಮ್ಮ ನಮಸ್ಕಾರ ತಿಳಿಸಬೇಕೆಂದೂ ಹೇಳಿ ಫೋನಿಟ್ಟರು.

"ಇದಕ್ಕೆ ನಿಂಗೆ ಸಂಬಳ ಕೊಡ್ತಾರಾ?" ಬೂಶ್ತಾ ಹಣೆ ಒರೆಸಿಕೊಂಡರು.

"ಇಷ್ಟು ಚೆನ್ನಾಗಿ ಮಾಡಿದ್ದಕ್ಕಲ್ಲ. ಕ್ಷಮೆ ಕೇಳೋದಕ್ಕೆ ಮಾತ್ರ."

ಬೂಶ್ತಾರ ಮೀಸೆಯ ತುದಿ ನಡುಗಿತು. ನಗಬಾರದೆಂದು ಪಟ್ಟುಹಿಡಿದಿದ್ದವರು ಅದನ್ನು ಕೆಮ್ಮಾಗಿ ತಿರುಗಿಸಿ, ಹೊರಡಲು ಶಟರಿನ ಕಡೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಹೊರಗೆ ಶಟರಿನಂಚಿನಲ್ಲಿ ಕಾಲುಗಳಿದ್ದವು, ಆರೋ ಎಂಟೋ.

ಬೀದಿಯವರೆಲ್ಲ ರೊಟ್ಟಿ ಬೇಯಿಸಿಕೊಳ್ಳುವ ಒಲೆಗೆ ಹಿಟ್ಟಿನ ಹಲಗೆ ಹೊತ್ತು ಹೊರಟಿದ್ದ ನೆರೆಯಾಕೆ ಲಲ್ಲಾ ತಾಮು, ಬೂಶ್ತಾರ ಕೂಗು ಕೇಳಿ ಶಟರಿನ ಮುಂದೆ ನಿಂತುಬಿಟ್ಟಿದ್ದಳು. ಅವಳು ನಿಂತಲ್ಲಿ ಬೀದಿಯೂ ನಿಲ್ಲುವುದು ರೂಢಿ. ಮೊಟ್ಟೆ, ಬೆಣ್ಣೆ ಎನ್ನುವಷ್ಟು ಫ್ರೆಂಚ್ ಆ ಊರಿನ ಬೆಕ್ಕಿಗೂ ಗೊತ್ತು.

ಸೀ ಬೂಶ್ತಾ ಹೊರಗೆ ತೆವಳಿ ಎದ್ದರು. ಹಿಂದೆಯೇ ಮರ್ವಾನ್.

"ಆಮ್ಲೆಟ್ ಹೇಗಿತ್ತು, ಸೀ ಬೂಶ್ತಾ?" ಎಂದಳು ತಾಮು.

"ತಾಮು, ನಾಲಿಗೆ ಬಿಗಿಹಿಡಿ."

"ನನ್ನದಿರಲಿ, ನಿಮ್ಮದು ತೋರಿಸಿ. ಉಪವಾಸದ ನಾಲಿಗೆ ಬೆಳ್ಳಗಿರುತ್ತೆ. ಮಕ್ಕಳನ್ನೆಲ್ಲ ನಾನು ಹಾಗೇ ಹಿಡಿಯೋದು."

ಸುತ್ತ ಕಿಸಕ್ಕೆಂದರು. ಬೂಶ್ತಾ ಕೆಂಪಾದರು. ಕೆಫೆಯೊಳಗೆ ಹೋಗಿದ್ದಕ್ಕೆ ಒಂದು ಮರ್ಯಾದಸ್ಥ ಕಾರಣ ಬೇಕಿತ್ತು, ಅದೂ ಈ ಕ್ಷಣದಲ್ಲೇ. ಗುಂಡಿ ಅಂಗಡಿಯವನಿಗೆ ಮುಚ್ಚಿದ ಕೆಫೆಯಲ್ಲಿ ಏನು ಕೆಲಸ? ಅವರ ಕಣ್ಣು ಜನರ ಮೇಲೆ ಹಾದು ಮರ್ವಾನನ ಮೇಲೆ ನಿಂತಿತು. ಮರ್ವಾನ್ ಕಿವಿಗೆ ಸಿಕ್ಕಿಸಿದ್ದ ಹೆಡ್‌ಫೋನಿನೊಂದಿಗೆ ಪೆದ್ದನ ಹಾಗೆ ನಿಂತಿದ್ದ. ಕ್ಷಮಿಸಿ ಎಂಬುದೊಂದೇ ಬಾಯಿಗೆ ಬರುತ್ತಿತ್ತು.

"ನನ್ನ ಅಳಿಯ ಕೆಲಸ ಮಾಡೋ ಜಾಗ ನೋಡಿಬರೋಕೆ ಹೋಗಿದ್ದೆ," ಎಂದರು ಬೂಶ್ತಾ, ಗಟ್ಟಿಯಾಗಿ. "ಮಗಳನ್ನ ಕೊಡೋನು ನೋಡಬಾರದಾ?"

ತಾಮು ಹಿಟ್ಟಿನ ಹಲಗೆಯನ್ನು ಪಕ್ಕದವಳ ಕೈಗೆ ತಳ್ಳಿ, ನಾಲಿಗೆ ಆಡಿಸುತ್ತ ಉದ್ದನೆಯ ಮಂಗಳಧ್ವನಿ ತೆಗೆದಳು. ಉಳಿದವರೂ ಸೇರಿಕೊಂಡರು. ಔಷಧಿ ಅಂಗಡಿಯ ಬಾಗಿಲಲ್ಲಿ ಬಿಳಿ ಕೋಟಿನ ಹಸ್ನಾ ಕಾಣಿಸಿಕೊಂಡಳು. ಏನಾಯಿತೆಂದು ಯಾರನ್ನೋ ಕೇಳಿದಳು. ಕೇಳಿ ತಿಳಿದವಳು ಕೋಟಿನ ಕಾಲರಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು.

ಮರ್ವಾನನ ಬಾಯಿ ಕಿವಿಯವರೆಗೂ ಹಿಗ್ಗಿತು. ಅಷ್ಟರಲ್ಲಿ ಒಳಗೆ ಫೋನು ಮತ್ತೆ ಬಡಿದುಕೊಂಡಿತು.

"ಹಲ್ಲು ಬಿಡಬೇಡ," ಎಂದರು ಸೀ ಬೂಶ್ತಾ, ಅವನಿಗಷ್ಟೇ ಕೇಳುವಂತೆ. "ಹೋಗು ಒಳಗೆ. ಅಲ್ಲಿ ಯಾರೋ ಹಸಿದಿದಾರೆ."