ಗಾಳಿ ಹಾಕುವ ಆಯಿ

ಔರಾದಿನ ಆ ಮನೆಯ ಬಾಗಿಲು ಮುಚ್ಚಿದೆ. ಹೊರಗೆ ಕಟ್ಟೆಯ ಮೇಲೆ ಅರವತ್ತರ ಹೆಂಗಸೊಬ್ಬರು ಶಾಲು ಹೊದ್ದು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಸೆಂಬರಿನ ಚಳಿಗೆ ಓಣಿಯ ನಾಯಿಗಳೂ ಮುದುಡಿಕೊಂಡು ಮಲಗಿವೆ. ಹಾಲು ಹಾಕಲು ಬಂದವನು ಅವರನ್ನು ನೋಡಿ, ಚಳಿಯಲ್ಲಿ ಯಾಕೆ ಕೂತಿದ್ದೀರಿ, ಬಾಗಿಲು ಬಡಿಯಲೇ ಎಂದು ಕೇಳುತ್ತಾನೆ. ಅವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳುತ್ತಾರೆ. ಒಳಗಿನಿಂದ ಹಾರ್ಮೋನಿಯಂ ದನಿ ಬರುತ್ತಿದೆ. ನಡುನಡುವೆ ಅದು ಸೊರಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಸೊರಗಿದಾಗಲೆಲ್ಲ ಹೊರಗೆ ಕೂತವರ ಎಡಗೈ ಶಾಲಿನೊಳಗೆ ತಾನಾಗಿಯೇ ಅಲುಗುತ್ತದೆ. ಬಲಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

ಇವರ ಹೆಸರು ಶೇವಂತಾಬಾಯಿ. ಬೀದರಿನಿಂದ ನಸುಕಿನ ಮೊದಲ ಬಸ್ಸು ಹಿಡಿದು ಒಂದು ತಾಸಿಗೂ ಮೇಲಿನ ದಾರಿ ಬಂದಿದ್ದಾರೆ. ಅಷ್ಟು ದೂರ ಬಂದದ್ದು ಹೀಗೆ ಬಾಗಿಲ ಹೊರಗೆ ಕೂಡುವುದಕ್ಕೆ. ಒಳಗೆ ಬಾರಿಸುತ್ತಿರುವವಳು ಹತ್ತು ವರ್ಷದ ಮಹಾಮಾಯಾ. ಬರುವ ತಿಂಗಳು ಭಾಲ್ಕಿಯಲ್ಲಿ ಅವಳ ಸಂಗೀತ ಪರೀಕ್ಷೆ. ಹೋದ ವರ್ಷ ಅದೇ ಪರೀಕ್ಷೆಯಲ್ಲಿ ಒಂದು ಸ್ವರವನ್ನೂ ಹೊರಡಿಸಲಾಗದೆ ಅಳುತ್ತ ಎದ್ದು ಬಂದವಳು ಅವಳು. ಅದು ಮಗುವಿನ ತಪ್ಪಲ್ಲ, ತನ್ನದು ಎನ್ನುತ್ತಾರೆ ಶೇವಂತಾಬಾಯಿ. ಈ ಸಲವೂ ಹಾಗೇ ಆದರೆ ಇನ್ನು ಯಾವ ಮಗುವಿನ ಪೇಟಿಯ ಹತ್ತಿರವೂ ಸುಳಿಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ. ಪೇಟಿ ಎಂದರೆ ಈ ಕಡೆಯ ಮಾತಿನಲ್ಲಿ ಹಾರ್ಮೋನಿಯಂ.

ಅವರ ಕೆಲಸಕ್ಕೆ ಸರಿಯಾದ ಹೆಸರೇ ಇಲ್ಲ. ಅವರು ಸಂಗೀತ ಕಲಿಸುವವರಲ್ಲ. ಕಲಿಸುವವರು ಭಾಲ್ಕಿಯ ಪಂಢರಿ ಮಾಸ್ತರರು. ವಾರಕ್ಕೊಮ್ಮೆ ಬಂದು ಪಾಠ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಉಳಿದ ದಿನ ಆ ಪಾಠವನ್ನು ಮಗು ತಿಕ್ಕಿ ತೀಡಿ ಕೈಗೆ ಹತ್ತಿಸಿಕೊಳ್ಳಬೇಕಲ್ಲ, ತೊಡಕು ಇರುವುದು ಅಲ್ಲಿ. ಏಳೆಂಟು ವರ್ಷದ ಮಕ್ಕಳ ಎಡಗೈ ಪೇಟಿಯ ಹಿಂದೆ ಗಾಳಿ ತುಂಬುವ ತಿದಿಯನ್ನು ಮುಟ್ಟುವುದೇ ಕಷ್ಟ. ಮುಟ್ಟಿದರೂ ಹತ್ತು ಸಲ ಒತ್ತುವಷ್ಟರಲ್ಲಿ ತೋಳು ಸೋಲುತ್ತದೆ. ತೋಳು ಸೋತ ಮಗುವಿಗೆ ಹಸಿವು, ನಿದ್ದೆ, ಹೊಟ್ಟೆನೋವು ಎಲ್ಲ ಒಮ್ಮೆಲೇ ಬರುತ್ತವೆ. ಹಾಗಾಗಿ ಶೇವಂತಾಬಾಯಿ ಮಗುವಿನ ಎದುರಿಗೆ ಕೂತು ತಾವು ತಿದಿ ಒತ್ತುತ್ತಾರೆ. ಮಗು ನಿಶ್ಚಿಂತೆಯಿಂದ ಬೆರಳಾಡಿಸುತ್ತದೆ.

"ನಾ ಕಲಸಂಗಿಲ್ಲರಿ. ಗಾಳಿ ಹಾಕ್ತೇನಿ, ಅಷ್ಟೇ," ಎನ್ನುತ್ತಾರೆ ಅವರು. ಮಕ್ಕಳ ಬಾಯಲ್ಲಿ ಅವರು ಗಾಳಿ ಆಯಿ, ಅಂದರೆ ಗಾಳಿ ಅಜ್ಜಿ. ಶೇವಂತಾಬಾಯಿ ಎಂಬ ಹೆಸರು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ.

ಸೋಮವಾರ ಮತ್ತು ಗುರುವಾರ ಬೀದರಿನ ಮನೆಗಳು, ಮಂಗಳವಾರ ಮತ್ತು ಶುಕ್ರವಾರ ಭಾಲ್ಕಿ, ಬುಧವಾರ ಮತ್ತು ಶನಿವಾರ ಔರಾದು. ಒಂದು ಮಗುವಿಗೆ ಮುಕ್ಕಾಲು ತಾಸು. ಶಾಲೆಯ ಗಂಟೆ ಹೊಡೆಯುವುದರೊಳಗೆ ಎಲ್ಲ ಮುಗಿಯಬೇಕು, ಆದ್ದರಿಂದ ಅವರ ಕೆಲಸವೆಲ್ಲ ನಸುಕಿನದು. ಎಂಟು ವರ್ಷಗಳಲ್ಲಿ ಮೂವತ್ತೇಳು ಮಕ್ಕಳಿಗೆ ಗಾಳಿ ಹಾಕಿದ್ದಾರೆ. ಮೊದಲು ಒಮ್ಮೆಗೆ ಹನ್ನೊಂದು ಮಕ್ಕಳಿದ್ದರು, ಈಗ ನಾಲ್ಕೇ ಮಂದಿ. ಹಲವು ಮನೆಗಳಿಗೆ ಕರೆಂಟಿನ ಕೀಬೋರ್ಡ್ ಬಂದಿದೆ, ಅದಕ್ಕೆ ಯಾರ ಗಾಳಿಯೂ ಬೇಕಿಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿಯಾದದ್ದರಿಂದ ಓಡಾಟ ಸಲೀಸಾಗಿದೆ, ಓಡಾಡುವ ಮನೆಗಳು ಮಾತ್ರ ಕಡಿಮೆಯಾಗಿವೆ.

ಅವರಿಗೆ ಸ್ವರ ಬರೆಯಲು, ಓದಲು ಬಾರದು. ರಾಗದ ಹೆಸರು ಕೇಳಿದರೆ ನಕ್ಕುಬಿಡುತ್ತಾರೆ. ಆದರೆ ಕಿವಿ ಬಲು ಚುರುಕು. ಮಗು ಸ್ವರದ ಒಂದು ಪಟ್ಟಿ ತಪ್ಪಿ ಒತ್ತಿದರೆ ಸಾಕು, ಅವರು ಬೈಯುವುದಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ, ಗಾಳಿ ನಿಲ್ಲಿಸಿಬಿಡುತ್ತಾರೆ. ದನಿ ಅಲ್ಲಿಗೇ ಸಾಯುತ್ತದೆ. ಮಗು ಬೆರಳು ಎತ್ತಿ ಮೊದಲಿನಿಂದ ಶುರು ಮಾಡುತ್ತದೆ. ಒಂದೇ ಒಂದು ಮಾತಿಲ್ಲದೆ ಮುಕ್ಕಾಲು ತಾಸು ಕಳೆದುಹೋಗುತ್ತದೆ. ಈ ಉಪಾಯವನ್ನು ಪಂಢರಿ ಮಾಸ್ತರರು ಊರೂರಲ್ಲಿ ಹೊಗಳಿಕೊಂಡು ತಿರುಗುತ್ತಿದ್ದರು. ಹೋದ ವರ್ಷ ಮಹಾಮಾಯಾಳನ್ನು ಮುಳುಗಿಸಿದ್ದೂ ಇದೇ ಉಪಾಯ.

ತಿದಿ ಒತ್ತುವುದನ್ನು ಅವರು ಕಲಿತದ್ದು ಗಂಡನ ಎದುರು. ಗಂಡ ನಾಗಸೇನ ಬೀದರಿನ ಒಂದು ಹಾಡಿನ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದರು. ಭೀಮ ಜಯಂತಿ, ಬುದ್ಧ ಪೂರ್ಣಿಮೆ ಬಂದರೆ ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕಮಲನಗರದಿಂದ ಮನ್ನಳ್ಳಿಯವರೆಗೆ ಅವರ ಪೇಟಿ ಕೇಳದ ಊರು ಕಡಿಮೆ. ಹದಿನೇಳು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಬಲಗೈ ಉಳಿಯಿತು, ಆದರೆ ಗಾಳಿ ಇಲ್ಲದ ಪೇಟಿಯ ಮೇಲೆ ಬಲಗೈ ಏನು ಮಾಡೀತು. ಮೂರು ತಿಂಗಳು ಆ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಒಂದು ದಿನ ಶೇವಂತಾಬಾಯಿ ಪೇಟಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದು, ಎದುರಿಗೆ ಕೂತು, ತಿದಿ ಒತ್ತಲು ಶುರು ಮಾಡಿದರು. ಬಾರಿಸು ಎಂದು ಹೇಳಲಿಲ್ಲ. ಸುಮ್ಮನೆ ಒತ್ತುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಗಂಡನ ಬಲಗೈ ಬಂದು ಪಟ್ಟಿಯ ಮೇಲೆ ಕೂತಿತು.

ಆಮೇಲೆ ಒಂಬತ್ತು ವರ್ಷ ಅವರಿಬ್ಬರೂ ಒಂದೇ ಪೇಟಿಯನ್ನು ಬಾರಿಸಿದರು. ಗಂಡನ ಉಸಿರು ಎಲ್ಲಿ ಏರುತ್ತದೆ, ಹಾಡು ಎಲ್ಲಿ ಇಳಿಯುತ್ತದೆ ಎಂಬುದೆಲ್ಲ ಇವರ ಎಡಗೈಗೆ ಗೊತ್ತಾಗಿಹೋಯಿತು. ಮನೆಗೆ ಕಲಿಯಲು ಬರುತ್ತಿದ್ದ ಮಕ್ಕಳಿಗೂ ಇವರೇ ಗಾಳಿ ಹಾಕಿದರು. ನಾಗಸೇನ ತೀರಿಕೊಂಡ ಮೇಲೆ ಪಂಢರಿ ಮಾಸ್ತರರು ಬಂದು, ಆ ಕೈಯನ್ನು ಮನೆಯಲ್ಲಿ ಕೊಳೆಯಲು ಬಿಡಬೇಡಿ ಎಂದು ಕೇಳಿಕೊಂಡರು. ಮಕ್ಕಳಿಲ್ಲದ ಮನೆ. ಹಗಲು ಉದ್ದ, ರಾತ್ರಿ ಇನ್ನೂ ಉದ್ದ. ಅವರು ಹೊರಟರು.

ಅಷ್ಟು ವರ್ಷ ಪೇಟಿಯ ಎದುರು ಕೂತವರಿಗೆ ಬಾರಿಸಲು ಬರುವುದಿಲ್ಲವೇ? ಬರುವುದಿಲ್ಲ. ಕಲಿಯಿರಿ ಎಂದು ಮಾಸ್ತರರು ಹೇಳಿ ಹೇಳಿ ಸೋತಿದ್ದಾರೆ. "ಬಲಗೈ ಅವರದು ಅಂತ ಮನಸಿನಾಗ ಕುಂತು ಬಿಟ್ಟದರಿ," ಎನ್ನುತ್ತಾರೆ ಶೇವಂತಾಬಾಯಿ. "ಪಟ್ಟಿ ಮ್ಯಾಲ ಬೆರಳ ಇಟ್ರ, ಅವರ ಜಾಗಾದಾಗ ಹೋಗಿ ಕುಂತಂಗ ಆಗ್ತದ."

ಇನ್ನು ಮಹಾಮಾಯಾಳ ವಿಷಯ. ಅವಳು ಎಂಟನೆಯ ವರ್ಷಕ್ಕೆ ಪೇಟಿ ಮುಟ್ಟಿದಳು. ಅವಳ ಬೆರಳು ನೋಡಿ ಶೇವಂತಾಬಾಯಿಗೆ ಗಂಡನೇ ಕಣ್ಣ ಮುಂದೆ ಬಂದರಂತೆ, ಅಷ್ಟು ನಾಗಸೇನರ ಬೆರಳಿನ ಹಾಗೆ ಅವು ಓಡುತ್ತಿದ್ದವು. ಆ ಖುಷಿಯಲ್ಲಿ ಅವರು ಮಾಡಬೇಕಾದ ಒಂದು ಕೆಲಸ ಮರೆತರು. ಬೇರೆ ಮಕ್ಕಳಿಗೆ ಒಂದು ವರ್ಷವಾಗುತ್ತಲೇ, ತೋಳು ಬಲಿಯುತ್ತಲೇ, ತಿದಿ ಬಿಟ್ಟುಕೊಡುತ್ತಿದ್ದರು. ಈ ಮಗುವಿಗೆ ಬಿಟ್ಟುಕೊಡಲಿಲ್ಲ. ಮಾಸ್ತರರ ಪಾಠದ ಹೊತ್ತಿಗೂ ತಾವೇ ಬಂದು ಒತ್ತುತ್ತಿದ್ದರು. ನಾಳೆ ಕೊಟ್ಟರಾಯಿತು, ನಾಡಿದ್ದು ಕೊಟ್ಟರಾಯಿತು ಎಂದು ದಿನ ದೂಡಿದರು. ಬಿಟ್ಟುಕೊಟ್ಟರೆ ತಮ್ಮ ಅಗತ್ಯ ಮುಗಿಯುತ್ತದೆ ಎಂಬುದು ಅವರಿಗೂ ಒಳಗೊಳಗೆ ಗೊತ್ತಿತ್ತು.

ಪರೀಕ್ಷೆಯ ದಿನ ಪರೀಕ್ಷಕರ ಕೋಣೆಯೊಳಗೆ ಮಗು ಒಂದೇ ಹೋಗಬೇಕು. ಮಹಾಮಾಯಾ ಕೂತಳು, ಪಟ್ಟಿ ಒತ್ತಿದಳು. ದನಿ ಬರಲಿಲ್ಲ. ತಿದಿ ಒತ್ತಬೇಕು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅವಳು ಕಲಿತದ್ದು ಒಂದೇ, ದನಿ ನಿಂತರೆ ತಾನು ತಪ್ಪಿದ್ದೇನೆ ಎಂದು. ಬೆರಳು ಎತ್ತಿ ಮೊದಲಿನಿಂದ ಶುರು ಮಾಡಿದಳು. ಮತ್ತೆ ಮೌನ. ಮೂರನೆಯ ಸಲವೂ ಮೌನ. ಏನು ತಪ್ಪಿದೆ ಎಂದು ತಿಳಿಯದೆ ಕೂಸು ಅಳುತ್ತ ಎದ್ದು ಬಂತು.

ಮಗುವಿನ ತಾಯಿ ಸಪನಾ ಅಂಗನವಾಡಿ ಕಾರ್ಯಕರ್ತೆ. ಮೆತ್ತನೆಯ ಹೆಂಗಸು, ಆದರೆ ಆವತ್ತು ಮೆತ್ತಗಿರಲಿಲ್ಲ. ನನ್ನ ಮಗಳನ್ನು ಕುಂಟಿ ಮಾಡಿದಿರಿ, ಇನ್ನು ಬರಬೇಡಿ ಎಂದು ಆ ಕೋಣೆಯ ಬಾಗಿಲಲ್ಲೇ ಹೇಳಿದರು. ಶೇವಂತಾಬಾಯಿ ಆರು ತಿಂಗಳು ಔರಾದಿನ ಬಸ್ಸು ಹತ್ತಲಿಲ್ಲ. ಬುಧವಾರ, ಶನಿವಾರ ನಸುಕಿನಲ್ಲಿ ಎದ್ದು, ತಯಾರಾಗಿ, ಮಂಚದ ಮೇಲೆ ಸುಮ್ಮನೆ ಕೂಡುತ್ತಿದ್ದರು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತಾವಾಗಿಯೇ ಸಪನಾ ಅವರ ಮನೆಗೆ ಹೋಗಿ ನಿಂತರು. ಕೆಡಿಸಿದ್ದು ನಾನು, ಸರಿ ಮಾಡಲು ಒಂದು ಅವಕಾಶ ಕೊಡಿ ಎಂದು ಕೇಳಿದರು. ಮಗು ಆಗಲೇ ಪೇಟಿಗೆ ಬೆನ್ನು ತಿರುಗಿಸಿ ಕೂಡುವಷ್ಟು ಹೆದರಿತ್ತು. ಅದನ್ನು ನೋಡಿಯೇ ಸಪನಾ ಒಳಗೆ ಕರೆದರು.

ಬೀದರಿನ ಚೌಬಾರಾ ಗೋಪುರದ ಹತ್ತಿರ ಪೇಟಿ ರಿಪೇರಿ ಮಾಡುವ ಅಬ್ದುಲ ಮಜೀದರು ತಿದಿಯ ಸ್ಪ್ರಿಂಗ್ ಬದಲಿಸಿ ಮಗುವಿನ ತೋಳಿಗೆ ಹಗುರ ಮಾಡಿಕೊಟ್ಟರು. ಉಳಿದದ್ದು ಶೇವಂತಾಬಾಯಿ ಮಾಡಬೇಕಿತ್ತು, ಅದು ದೂರ ಸರಿಯುವ ಕೆಲಸ. ಮೊದಲ ತಿಂಗಳು ಮಗುವಿನ ಎಡಗೈಯ ಮೇಲೆ ತಮ್ಮ ಅಂಗೈ ಇಟ್ಟು ಒತ್ತಿಸಿದರು. ಎರಡನೆಯ ತಿಂಗಳು ಕೈ ತೆಗೆದು ಎದುರು ಕೂತರು. ಅವರು ಕಣ್ಣೆದುರು ಇದ್ದರೆ ಮಗುವಿನ ಕೈ ತಿದಿ ಬಿಡುತ್ತಿತ್ತು, ಆಯಿ ಹಾಕಲಿ ಎಂದು ಕಾಯುತ್ತಿತ್ತು. ಕೋಣೆಯ ಮೂಲೆಗೆ ಹೋದರು. ಅಲ್ಲೂ ಮಗು ತಿರುಗಿ ನೋಡಿತು. ಅಡುಗೆಮನೆಗೆ ಹೋದರು. ಕೊನೆಗೆ ಬಾಗಿಲು ಮುಚ್ಚಿಸಿಕೊಂಡು ಹೊರಗಿನ ಕಟ್ಟೆಗೆ ಬಂದರು. ಮಗುವಿನ ದನಿ ಗಟ್ಟಿಯಾಗುತ್ತ ಹೋದಂತೆ ಇವರು ಒಂದೊಂದೇ ಬಾಗಿಲು ದಾಟಿ ಹೊರಗಾದರು.

"ಒಳಗ ತಪ್ತಾಳ, ಅದು ನನಗ ಕೇಳಸ್ತದ. ಆದ್ರ ಏನೂ ಮಾಡಂಗಿಲ್ಲ," ಎನ್ನುತ್ತಾರೆ, ಶಾಲಿನೊಳಗೆ ಎಡಗೈ ಹಿಡಿದುಕೊಂಡು. "ಕುಂದ್ರೋದು ಭಾಳ ತ್ರಾಸ ಅದರಿ. ಗಾಳಿ ಹಾಕೋದು ಇದರ ಮುಂದ ಏನೂ ಅಲ್ಲ."

ಜನವರಿಯ ಎರಡನೆಯ ಭಾನುವಾರ. ಭಾಲ್ಕಿಯ ಶಾಲೆಯೊಂದರ ಹಾಲ್. ಒಳಗೆ ಪರೀಕ್ಷಕರು, ಹೊರಗೆ ತಾಯಿ ತಂದೆಯರ ಗುಂಪು. ಗುಂಪಿನಿಂದ ಇಪ್ಪತ್ತು ಹೆಜ್ಜೆ ಆಚೆ, ಕಂಪೌಂಡಿನ ಬೇವಿನ ಗಿಡದ ಕೆಳಗೆ ಶೇವಂತಾಬಾಯಿ ಒಬ್ಬರೇ ನಿಂತಿದ್ದಾರೆ. ಮಹಾಮಾಯಾಳ ಹೆಸರು ಕೂಗುತ್ತಾರೆ. ಬಾಗಿಲು ಮುಚ್ಚುತ್ತದೆ. ಒಂದು ಗಳಿಗೆ ಏನೂ ಕೇಳಿಸುವುದಿಲ್ಲ. ಸಪನಾ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಾರೆ. ಆಮೇಲೆ ಷಡ್ಜ ಹೊರಡುತ್ತದೆ. ಸಣ್ಣದಾಗಿ ಶುರುವಾಗಿ ತುಂಬಿಕೊಳ್ಳುತ್ತದೆ. ಕಲಿತ ಹಾಡಿನ ಬಂದಿಶ್ ಏರುತ್ತದೆ, ಎರಡನೆಯ ಸಾಲಿಗೆ ಹೋಗುತ್ತದೆ. ನಡುವೆ ಒಂದು ಕಡೆ ಮಗು ಮುಗ್ಗರಿಸುತ್ತದೆ. ಒಂದು ತಪ್ಪು ಸ್ವರ. ದನಿ ಇನ್ನೇನು ಸಾಯುತ್ತದೆ ಎಂದು ಶೇವಂತಾಬಾಯಿ ಕಣ್ಣು ಮುಚ್ಚುತ್ತಾರೆ. ದನಿ ಸಾಯುವುದಿಲ್ಲ. ತಪ್ಪಿನ ಮೇಲೆಯೇ ಹಾದು, ಮುಂದಿನ ಸ್ವರ ಹಿಡಿದು, ಕೊನೆಯವರೆಗೂ ಹೋಗಿ ನಿಲ್ಲುತ್ತದೆ.

ಮಗು ಹೊರಗೆ ಬಂದದ್ದೇ ತಾಯಿಯನ್ನು ದಾಟಿ ಬೇವಿನ ಗಿಡದ ಕಡೆ ಓಡುತ್ತದೆ. "ಆಯಿ, ನಡುವ ಒಮ್ಮಿ ತಪ್ಪಿದೆ. ಆದ್ರ ಗಾಳಿ ಬಿಡಲಿಲ್ಲ," ಎನ್ನುತ್ತದೆ. ಶೇವಂತಾಬಾಯಿ ಅದರ ಎಡಗೈ ಹಿಡಿದು, ಅಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ.

ಸಪನಾ ಆವತ್ತು ಅವರನ್ನು ಬಿಡದೆ ಕರೆದುಕೊಂಡು ಹೋಗಿ ಚಹಾ ಕುಡಿಸುತ್ತಾರೆ, ಹೋದ ವರ್ಷ ಆಡಿದ ಮಾತಿಗೆ ಕ್ಷಮೆ ಕೇಳುತ್ತಾರೆ. ಹೊರಡುವಾಗ, ಇನ್ನು ನಿಮಗೆ ಈ ಚಳಿಯಲ್ಲಿ ಔರಾದಿಗೆ ಬರುವ ಕಷ್ಟ ಬೇಡ, ಅವಳೇ ಮಾಡಿಕೊಳ್ಳುತ್ತಾಳೆ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ ಮಾತು. ಶೇವಂತಾಬಾಯಿ ಹೌದೆಂದು ತಲೆಯಾಡಿಸಿ ಬೀದರಿನ ಬಸ್ಸು ಹತ್ತುತ್ತಾರೆ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತೊಗರಿ ಹೊಲಗಳನ್ನು ನೋಡುತ್ತಾರೆ. ಈಗ ಅವರಿಗೆ ಉಳಿದಿರುವುದು ಮೂರು ಮಕ್ಕಳು. ಬುಧವಾರ, ಶನಿವಾರ ಖಾಲಿ.

ಬೀದರಿನ ಅವರ ಒಂಟಿ ಕೋಣೆಯಲ್ಲಿ ನಾಗಸೇನರ ಪೇಟಿ ಇದೆ, ಅವರದೇ ಹಳೆಯ ಧೋತರ ಹೊದ್ದುಕೊಂಡು. ಬುಧವಾರ ಬೆಳಿಗ್ಗೆ ಶೇವಂತಾಬಾಯಿ ಅದನ್ನು ತೆರೆದು ಒರೆಸಿ, ಯಾವ ಪಟ್ಟಿಯನ್ನೂ ಮುಟ್ಟದೆ ತಿದಿ ಒತ್ತುತ್ತಾರೆ. ಸ್ವರ ಹೊರಡುವುದಿಲ್ಲ, ತಿದಿಯ ತೊಗಲಿನ ಸದ್ದು ಮಾತ್ರ. ಒತ್ತದೆ ಬಿಟ್ಟರೆ ತೊಗಲು ಬಿರಿಯುತ್ತದೆ ಎಂಬುದು ಅವರು ಕೊಡುವ ಕಾರಣ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪೇಟಿಯ ಎದುರಿನ ಖಾಲಿ ಜಾಗ ತೋರಿಸುತ್ತಾರೆ.

"ಯಾರರೆ ಒಂದಿನ ಬಂದು ಇದರ ಮುಂದ ಕುಂತು ಬಾರಸಬೇಕ ನೋಡ್ರಿ. ನಾ ಗಾಳಿ ಹಾಕ್ತೇನಿ. ಹ್ಯಾಂಗ ಬಾರಸಿದ್ರೂ ನಡೀತದ, ಈ ಸಲ ನಿಲ್ಲಸಂಗಿಲ್ಲ."

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದರೆ ಮುಜುಗರಪಡುತ್ತಾರೆ. ಎಡಗೈ ತಿದಿಯ ಮೇಲೆಯೇ ಇದೆ, ಅದು ಒತ್ತುವುದನ್ನು ನಿಲ್ಲಿಸಿಲ್ಲ.

"ನನ್ನ ಹೆಸರ ದೊಡ್ಡದ ಹಾಕಬ್ಯಾಡ್ರಿ. ಆವತ್ತ ಭಾಲ್ಕಿಯಾಗ ಗಾಳಿ ಹಾಕಿದಾಕಿ ನಾ ಅಲ್ಲ, ಆ ಹುಡುಗಿ. ಅದಷ್ಟ ಬರೀರಿ."