ಡೈರಿ ಮೈಕಿನಲ್ಲಿ ಮಗ್ಗಿ

ನಮ್ಮ ಶಾಲೆ ಮುಚ್ಚಿದ್ದು ಚಿರತೆಯಿಂದ. ಗುಬ್ಬಿ ತಾಲ್ಲೂಕಿನಲ್ಲಿ, ಚೇಳೂರಿನಿಂದಲೂ ಆಚೆ, ತೆಂಗಿನ ತೋಟಗಳ ನಡುವಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಅದು. ನಾನು ಅದರ ಮುಖ್ಯ ಶಿಕ್ಷಕಿ. ಬೇರೆ ಯಾರೂ ಇಲ್ಲವಾದ್ದರಿಂದ ಮುಖ್ಯವಲ್ಲದ ಶಿಕ್ಷಕಿಯೂ ನಾನೇ. ಒಂದು ಬೆಳಿಗ್ಗೆ ಬಸ್ಸಿಳಿದು ಹೋದರೆ, ಬಿಸಿಯೂಟದ ಅಡುಗೆಕೋಣೆಯ ಹಿಂದೆ ಮೂಡಿದ್ದ ಹೆಜ್ಜೆ ಗುರುತು ನೋಡಲು ಊರಿಗೆ ಊರೇ ನಿಂತಿತ್ತು. ಪೋಷಕರ ಸಭೆಗೆ ಅದರಲ್ಲಿ ಕಾಲು ಭಾಗ ಜನ ಬಂದಿದ್ದರೆ ನಾನು ಕೃತಾರ್ಥಳಾಗುತ್ತಿದ್ದೆ.

ಅರಣ್ಯ ಇಲಾಖೆಯವರು ಬಂದು ಬೋನಿಟ್ಟು ಒಳಗೊಂದು ನಾಯಿ ಕಟ್ಟಿದರು. ಚಿರತೆ ಸಿಗುವ ತನಕ ಶಾಲೆಗೆ ಬೀಗ, ಮಕ್ಕಳನ್ನು ಬೇರೆಲ್ಲೂ ಗುಂಪು ಸೇರಿಸಬಾರದು ಎಂದು ಆದೇಶವಾಯಿತು. ಊರಿನವರು ‘ಅಯ್ಯೋ ಪಾಪ’ ಎಂದು ಆ ನಾಯಿಗೆ ದಿನಾ ಮುದ್ದೆ ಹಾಕಿದರು. ನಾಯಿ ದಪ್ಪವಾಯಿತೇ ಹೊರತು ಚಿರತೆ ಬರಲಿಲ್ಲ. ತುಮಕೂರಿನ ಮನೆಯಲ್ಲಿ ಅಮ್ಮಿ ನನ್ನ ತೋಳಿಗೊಂದು ತಾಯಿತ ಕಟ್ಟಿ, ಕೆಲಸ ಬಿಟ್ಟುಬಿಡು ಎಂದು ಮೂರು ಹೊತ್ತೂ ಗೋಗರೆದಳು.

ನನಗೆ ಚಿರತೆಯ ಭಯವಿರಲಿಲ್ಲ. ಭಯವಿದ್ದದ್ದು ಗುಬ್ಬಿಯ ಕಾನ್ವೆಂಟಿನ ಹಳದಿ ವ್ಯಾನಿನದು. ಅದು ಆಗಲೇ ಊರೊಳಗೆ ಎರಡು ಸುತ್ತು ಹಾಕಿತ್ತು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಕೆಳಗಲ ಬೀದಿಯವರು. ಅವರು ಹೋದರೆ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವುದು ಗ್ಯಾರಂಟಿ. ಕೆಳಗಲ ಬೀದಿಯಲ್ಲಿ ಒಬ್ಬಾಕೆ ಹೇಳಿದ್ದೇ ಕಾಯಿದೆ. ಮೂರು ಹಸು, ಎರಡು ಮಕ್ಕಳು, ಗಟ್ಟಿ ಗಂಟಲು. “ಸ್ಕೂಲ್ ಹಿಂಗೇ ಮುಚ್ಕೊಂಡಿದ್ರೆ ನಮ್ಮ ಮಕ್ಳು ದನ ಕಾಯ್ಬೇಕಾ ಮಿಸ್? ವ್ಯಾನ್‌ನೋರು ಮನೆ ಬಾಗ್ಲಿಗೇ ಬತ್ತಾರಂತೆ,” ಎಂದು ಆಕೆ ದಾರಿಯಲ್ಲೇ ಅಡ್ಡ ಹಾಕಿ ಹೇಳಿದಳು.

ಹಾಗಾಗಿ ವಾಟ್ಸಾಪ್ ಗ್ರೂಪ್ ಮಾಡಿದೆ. ನಾನು ಗುಣಾಕಾರದ ಪಾಠ ಕಳಿಸಿದರೆ ಕೆಳಗೆ ಚಿರತೆ ಫೋಟೋ, ಅದರ ಕೆಳಗೆ ಕೊಬ್ಬರಿ ರೇಟು, ಅದರ ಕೆಳಗೆ ಯಾವುದೋ ದೇಶದ ಹುಲಿ, ‘ನಮ್ಮೂರ ಕೆರೆ ಏರಿ ಮೇಲೆ’ ಎಂಬ ವಿವರಣೆಯೊಂದಿಗೆ. ಫೋನುಗಳೆಲ್ಲ ಅಪ್ಪಂದಿರ ಜೇಬಿನಲ್ಲಿ, ಅಪ್ಪಂದಿರು ತೋಟದಲ್ಲಿ. ನನ್ನ ಪಾಠವನ್ನು ತೆಂಗಿನ ಮರಗಳು ಕೇಳಿರಬೇಕು.

ತಲೆಕೆಟ್ಟು ಕೂತಿದ್ದಾಗ ಹಾಲಿನ ಡೈರಿ ಹೊಳೆಯಿತು. ಚಿರತೆ ಇರಲಿ, ಪ್ರಳಯವೇ ಆಗಲಿ, ಸಂಜೆ ಹಾಲು ಹಾಕದ ಮನೆ ನಮ್ಮೂರಲ್ಲಿಲ್ಲ. ಸೆಕ್ರೆಟರಿಯನ್ನು ಕಾಡಿ ಬೇಡಿ ಡೈರಿಯ ಮೈಕು ಹಿಡಿದೆ. ಮನೆಯಲ್ಲಿ ಕೂತ ಮಕ್ಕಳಿಗೆ ಕೇಳುವಂತೆ ಮಗ್ಗಿ ಹೇಳಿಸುವುದು, ಹಾಲು ತಂದ ಅಮ್ಮಂದಿರ ಕೈಯಲ್ಲಿ ಲೆಕ್ಕದ ಹಾಳೆ ಕಳಿಸುವುದು, ಮಾರನೆಯ ಸಂಜೆ ಕ್ಯಾನಿನ ಜತೆ ವಾಪಸ್ ಪಡೆಯುವುದು. ಹಾಳೆಗಳೆಲ್ಲ ಹಾಲು ಹಾಲು. ಆದರೂ ಒಂದೂ ತಪ್ಪದೆ ಬರುತ್ತಿದ್ದವು. ನಾನು ಹಿಗ್ಗಿಹೋದೆ.

ಒಂದು ಸಂಜೆ ಕೆಳಗಲ ಬೀದಿಯ ಹಾಳೆ ನೋಡುತ್ತೇನೆ, ಎಲ್ಲದರಲ್ಲೂ ಏಳೆಂಟ್ಲ ಐವತ್ನಾಲ್ಕು! ಮೂರನೇ ಕ್ಲಾಸಿನವನಿಂದ ಐದನೇ ಕ್ಲಾಸಿನವಳ ತನಕ ಒಂದೇ ತಪ್ಪು. ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ಮೈಕ್ ಆನ್ ಮಾಡಿ, “ಏಳೆಂಟ್ಲ ಐವತ್ನಾಲ್ಕು ಅಂತ ಬೀದಿಗೆಲ್ಲ ಹೇಳ್ಕೊಟ್ಟಿರೋ ಜಾಣ ಯಾರು? ನಾಚಿಕೆ ಆಗಲ್ವಾ? ನಾಳೆ ಏಳರ ಮಗ್ಗಿ ಹತ್ತು ಸಲ ಬರ್ಕೊಂಡು ಬಾ, ನೋಡ್ತೀನಿ!” ಎಂದು ಗುಡುಗಿದೆ.

ಡೈರಿಯ ಮುಂದಿನ ಸಾಲಿನಲ್ಲಿದ್ದ ಹೆಂಗಸರೆಲ್ಲ ಒಬ್ಬಾಕೆಯನ್ನೇ ನೋಡುತ್ತಿದ್ದರು. ಆಗ ನನಗೆ ಗೊತ್ತಾಯಿತು: ಮಕ್ಕಳು ಆಟವಾಡುತ್ತಿದ್ದರು, ಲೆಕ್ಕ ಮಾಡುತ್ತಿದ್ದವರು ಅಮ್ಮಂದಿರು, ಅಮ್ಮಂದಿರೆಲ್ಲ ಕಾಪಿ ಹೊಡೆಯುತ್ತಿದ್ದದ್ದು ಆ ಗಟ್ಟಿ ಗಂಟಲಿನಾಕೆಯನ್ನು ನೋಡಿ. ಆಕೆ ಕೆಂಪಗಾಗಿ ಹಾಲು ಸುರಿದು, ಖಾಲಿ ಕ್ಯಾನ್ ಎತ್ತಿಕೊಂಡು ಹೋದಳು. ಮಾರನೆಯ ದಿನದಿಂದ ಆಕೆಯ ಅತ್ತೆ ಹಾಲು ತರತೊಡಗಿದರು. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ. ಊರೆದುರು ಬೈಸಿಕೊಂಡ ಮೇಲೆ ಯಾರು ತಾನೇ ಮಕ್ಕಳನ್ನು ಕಳಿಸುತ್ತಾರೆ? ಶಾಲೆಯನ್ನು ಉಳಿಸಲು ಹೋಗಿ ನಾನೇ ಕೈಯಾರೆ ಮುಚ್ಚಿಸಿದ್ದೆ.

ಕೊನೆಗೂ ಚಿರತೆ ನಮ್ಮ ಬೋನಿಗೆ ಬೀಳಲಿಲ್ಲ. ಬೆಳ್ಳಾವಿ ಕಡೆ ಒಂದು ಸಿಕ್ಕಿತು, ಅದೇ ಇದು ಎಂದು ತೀರ್ಮಾನಿಸಿ ಇಲಾಖೆಯವರು ಬೋನು ಎತ್ತಿದರು. ಶಾಲೆ ತೆರೆದ ದಿನ ಮಕ್ಕಳಿಗಿಂತ ಮೊದಲು ವ್ಯಾನ್ ಬಂದು ಗೇಟಿನೆದುರೇ ನಿಂತಿತ್ತು. ಡ್ರೈವರ್ ಬೇಕೆಂದೇ ನಿಲ್ಲಿಸಿದ್ದ, ಗೊತ್ತು ನನಗೆ. ಮೇಲಿನ ಬೀದಿಯ ಮಕ್ಕಳು ಬಂದರು. ಆಮೇಲೆ ಆಕೆ ಬಂದಳು, ಎರಡೂ ಕೈಯಲ್ಲಿ ಎರಡು ಮಕ್ಕಳು, ಹಿಂದೆ ಕೆಳಗಲ ಬೀದಿಯ ದಂಡು.

“ಟಿ.ಸಿ. ಬೇಕೇನಮ್ಮಾ?” ಎಂದೆ.

“ಟೀಸಿ ಯಾಕೆ?” ಎಂದು ಮಕ್ಕಳನ್ನು ಒಳಕ್ಕೆ ತಳ್ಳಿ, ಸೆರಗಿನ ಮರೆಯಿಂದ ಮಡಿಚಿದ ಹಾಳೆ ತೆಗೆದಳು. ಏಳರ ಮಗ್ಗಿ, ಹತ್ತು ಸಲ, ಸೊಟ್ಟ ಅಂಕಿಗಳಲ್ಲಿ. “ಅವತ್ತೇ ಬರ್ದೆ. ಎಲ್ರೆದ್ರಿಗೆ ಕೊಡೋಕೆ ನಾಚ್ಕೆ ಆಗಿ ಅತ್ತೆ ಕೈಲಿ ಹಾಲು ಕಳಿಸ್ತಿದ್ದೆ.”

“ಮೈಕಲ್ಲಿ ಬೈದೆ ಅಂತ ಬೇಜಾರಾಗ್ಲಿಲ್ವಾ?”

“ಬೈಯೋರಿಗೇನ್ ಬರ ಬುಡಿ ಮಿಸ್, ನಮ್ಮನೇಲೇ ಅವ್ರೆ. ನಾಲ್ಕನೇ ಕ್ಲಾಸ್‌ಗೆ ನನ್ನ ಸ್ಕೂಲ್ ಬಿಡ್ಸುದ್ ಮೇಲೆ, ಬರ್ಕೊಂಡ್ ಬಾ, ನೋಡ್ತೀನಿ ಅಂದೋರು ನೀವೊಬ್ರೇ.”

ಕೆಂಪು ಪೆನ್ನು ತೆಗೆದು ಹತ್ತಕ್ಕೂ ರೈಟ್ ಹಾಕಿ ಕೆಳಗೆ ಸಹಿ ಮಾಡಿದೆ. ವ್ಯಾನಿನವನು ಹಾರನ್ ಹೊಡೆಯುತ್ತಲೇ ಇದ್ದ. ಆಕೆ ಹಾಳೆಯನ್ನು ಮೇಲಿಂದ ಕೆಳಗೆ ಒಂದೊಂದೇ ರೈಟ್ ಮುಟ್ಟಿ ನೋಡಿದಳು.

“ನಾಳೆಗೇನ್ ಬರೀಬೇಕು ಮಿಸ್?” ಎಂದಳು.