ಅಳುಕೋಣೆಯ ಸೈಮಾ

ಸೈಮಾ ಲೆಹ್ಟೊಗೆ ಒಂಬತ್ತು ವರ್ಷಗಳಲ್ಲಿ ಐದು ಮಕ್ಕಳಾದವು. ಹಾಗಾಗಿ ಹನ್ನೆರಡು ವರ್ಷ ಅವಳು ಸಿನಿಮಾ ನೋಡಿದ್ದು ಗಾಜಿನ ಹಿಂದೆ ಕೂತು.

ನಮ್ಮ ಡಾಬ್ಸನ್ ಊರಿನ ಲಿರಿಕ್ ಥಿಯೇಟರಿನಲ್ಲಿ ಕೊನೆಯ ಸಾಲಿನ ಹಿಂದೆ ಒಂದು ಕೋಣೆ ಇದೆ. ಮುಂದೆ ಎರಡು ಪದರದ ದಪ್ಪ ಗಾಜು, ಒಳಗೆ ಎಂಟು ಕುರ್ಚಿ, ಹಾಲಿನ ಬಾಟಲಿ ಬಿಸಿ ಮಾಡಲು ಒಂದು ಸಣ್ಣ ಒಲೆ. ಕೂಸು ಅತ್ತರೆ ತಾಯಿ ಎದ್ದು ಅಲ್ಲಿಗೆ ಹೋಗಬೇಕು. ಅದಕ್ಕೆ ಅಳುಕೋಣೆ ಎಂದೇ ಹೆಸರು. ಅಪ್ಪಂದಿರು ಹೊರಗೆ ಕೂತು ಸಿನಿಮಾ ಮುಂದುವರಿಸುತ್ತಿದ್ದರು. ಕೂಸು ಇಬ್ಬರದೂ ಆದರೂ ಅಳು ಮಾತ್ರ ಅಮ್ಮನ ಪಾಲಿಗೆ.

ಹೊರಗಿನ ಸದ್ದು ಒಳಗೆ ಕೇಳಲೆಂದು ಗೋಡೆಯ ಮೇಲೊಂದು ಸ್ಪೀಕರ್ ಇತ್ತು. ನಾನು ಮೊದಲ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋದಾಗ ಅದು ಕೆಟ್ಟು ಆಗಲೇ ಎಂಟು ವರ್ಷವಾಗಿತ್ತಂತೆ. ಯಾರೂ ರಿಪೇರಿ ಮಾಡಿಸಿರಲಿಲ್ಲ. ದೂರು ಕೊಡಬೇಕಾದವರ ಕೈ ಯಾವಾಗಲೂ ತುಂಬಿರುತ್ತಿತ್ತು. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಿದ್ದರು, ಕುದುರೆಗಳು ಸದ್ದಿಲ್ಲದೆ ಓಡುತ್ತಿದ್ದವು. ನನಗೆ ಇಪ್ಪತ್ತು ವರ್ಷ. ಎದೆಹಾಲು ಸೋರಿ ರವಿಕೆ ಒದ್ದೆ. ಅಳು ಬಂದುಬಿಟ್ಟಿತು.

ಆಗ ಪಕ್ಕದ ಕುರ್ಚಿಯಿಂದ ಒಂದು ದನಿ ಬಂತು. ಪರದೆಯ ಮೇಲೆ ಕುದುರೆ ಇಳಿದ ಗಂಡಸು ಬಾಗಿಲಲ್ಲಿ ನಿಂತ ಹೆಂಗಸಿಗೆ ಟೊಪ್ಪಿ ತೆಗೆದು ಏನೋ ಹೇಳುತ್ತಿದ್ದ.

"‘ಅಮ್ಮಾ, ಈ ಊರಲ್ಲಿ ಶರ್ಟು ಒಗೆಯೋರು ಯಾರಾದ್ರೂ ಇದಾರಾ?’ ಅಂತ ಕೇಳ್ತಾ ಇದಾನೆ" ಎಂದಳು ಸೈಮಾ. "ಮೂರು ದಿನ ಕುದುರೆ ಮೇಲೆ ಬಂದಿದಾನಂತೆ. ಶರ್ಟು ನೋಡು, ಎಷ್ಟು ಬೆಳ್ಳಗಿದೆ! ಹಿಂದೆ ಇನ್ನೊಂದು ಕುದುರೆ ಮೇಲೆ ಹೆಂಡ್ತಿ ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಬರ್ತಿರ್ಬೇಕು. ಅವಳನ್ನ ತೋರ್ಸಲ್ಲ ಇವ್ರು."

ಆ ಚಿತ್ರ ಮುಗಿಯುವವರೆಗೆ ಅವಳು ಎಲ್ಲರ ಮಾತನ್ನೂ ತಾನೇ ಆಡಿದಳು. ಕುದುರೆಗೂ ಒಂದೆರಡು ಮಾತು ಕೊಟ್ಟಳು. ಎಂಟು ಜನ ತಾಯಂದಿರು ನಕ್ಕು ನಕ್ಕು, ಮಲಗಿದ್ದ ಕೂಸುಗಳೂ ಎದ್ದವು. ಆಮೇಲೆ ನಾನು ಮಗು ಅಳದಿದ್ದರೂ ಒಳಗೆ ಹೋಗುತ್ತಿದ್ದೆ. ನನ್ನಂತೆ ಇನ್ನೂ ಕೆಲವರು ತೊಡೆಯ ಮೇಲಿನ ಕೂಸನ್ನು ಮೆಲ್ಲಗೆ ಚಿವುಟಿ ಎದ್ದು ಬರುತ್ತಿದ್ದರೆಂಬ ಗುಮಾನಿ ನನಗಿದೆ.

ಮನೆಗೆ ಹೋಗುವ ದಾರಿಯಲ್ಲಿ ಸೈಮಾ ಗಂಡನನ್ನು ಕೇಳುತ್ತಿದ್ದಳಂತೆ, ನಿಜವಾದ ಕಥೆ ಏನು ಅಂತ. ಕಬ್ಬಿಣದ ಗಣಿಯಲ್ಲಿ ದುಡಿಯುತ್ತಿದ್ದ ರೈನೊನದು ಮಾತು ಕಮ್ಮಿ. "ಚೆನ್ನಾಗಿತ್ತು" ಎನ್ನುತ್ತಿದ್ದ. ಅಷ್ಟೆ.

ಗಣಿ ಮುಚ್ಚಿತು, ಲಿರಿಕ್ಕೂ ಮುಚ್ಚಿತು. ಇಪ್ಪತ್ತು ವರ್ಷ ಪಾರಿವಾಳಗಳು ಸಂಸಾರ ಮಾಡಿದವು. ಆಮೇಲೆ ಅದನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಹಲ್ಲಿನ ಡಾಕ್ಟರು ಗಿಲ್ಬರ್ಟ್ ಟ್ರೆವಾರೊ. ಊರಿನವರೆಲ್ಲರ ಬಾಯಿಗೆ ಕೈ ಹಾಕಿದ ಮನುಷ್ಯ. ಕುರ್ಚಿಯಲ್ಲಿ ಮಲಗಿಸಿ, ಬಾಯಿ ತುಂಬ ಹತ್ತಿ ತುರುಕಿ, "ಲಿರಿಕ್‌ಗೆ ಏನಾದ್ರೂ ಸಹಾಯ ಮಾಡ್ತೀರಲ್ಲ?" ಎಂದು ಕೇಳುತ್ತಿದ್ದ. ಯಾರು ಇಲ್ಲ ಎಂದಾರು? ಹನ್ನೆರಡು ವರ್ಷದಲ್ಲಿ ಗಾರೆಯ ಹೂಬಳ್ಳಿಗಳಿಗೆ ಚಿನ್ನದ ಬಣ್ಣ ಬಂತು, ಕೆಂಪು ಮಖಮಲ್ಲಿನ ಕುರ್ಚಿಗಳು ಬಂದವು. ಅಳುಕೋಣೆಯಲ್ಲಿ ಧ್ವನಿಯ ಯಂತ್ರಗಳನ್ನಿಟ್ಟು, ಪ್ರಕಟಣೆ ಹೇಳಲು ಒಂದು ಮೈಕು ಕೂರಿಸಿದರು.

ಬಾಗಿಲು ತೆರೆದ ದಿನ ಊರಿಗೆ ಊರೇ ಬಂತು. ಮರುದಿನದಿಂದ ಯಾರೂ ಬರಲಿಲ್ಲ. ಪಿಟೀಲಿನವರು ಬಂದಾಗ ಹನ್ನೊಂದು ಜನ ಇದ್ದರು, ಅದರಲ್ಲಿ ಏಳು ಜನ ಥಿಯೇಟರ್ ನಡೆಸುವ ಸಮಿತಿಯವರು. ಯೋಗ ಮಾಡಿಸಿದರು. ಇಳಿಜಾರಿನ ನೆಲ, ಶವಾಸನದಲ್ಲಿದ್ದವರು ಒಬ್ಬೊಬ್ಬರಾಗಿ ವೇದಿಕೆಯ ಕಡೆಗೆ ಜಾರಿದರು. ಹೊಸ ಸಿನಿಮಾಗಳನ್ನು ಜನ ಮನೆಯಲ್ಲೇ ನೋಡುತ್ತಿದ್ದರು. ತಿಂಗಳಲ್ಲಿ ಇಪ್ಪತ್ತೇಳು ದಿನ ಕತ್ತಲು. ನಮ್ಮಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಿಮ. ಖಾಲಿ ಕುರ್ಚಿಗಳನ್ನು ಬೆಚ್ಚಗಿಡಲು ಬಾಯ್ಲರ್ ಹಗಲಿರುಳು ಉರಿಯಬೇಕು.

ಕತ್ತಲಾಗಿದ್ದರೂ ಧೂಳು ಕೂರುತ್ತದಲ್ಲ. ಸೋಮವಾರ ಸೋಮವಾರ ಸೈಮಾ ಬರುತ್ತಿದ್ದಳು. ಆಗ ಅವಳಿಗೆ ಎಪ್ಪತ್ತೈದು. ಸಾಲು ಸಾಲು ಗುಡಿಸಿ, ಕಕ್ಕಸು ತೊಳೆದು, ಪರದೆಬಟ್ಟೆಗಳನ್ನು ಮನೆಗೆ ಒಯ್ದು ಒಗೆದು ತರುತ್ತಿದ್ದಳು. ಸ್ವಯಂಸೇವೆ. ಸಮಿತಿಯ ಸಭೆಗೆ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಬೇಯಿಸಿ ತಂದು ಕಾಫಿ ಬಗ್ಗಿಸುತ್ತಿದ್ದವಳೂ ಅವಳೇ. ಆರು ವರ್ಷದಲ್ಲಿ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಆದರೆ ಹಾಜರಿದ್ದವರ ಪಟ್ಟಿಯಲ್ಲಿ ಒಂದು ಸಲವೂ ಅವಳ ಹೆಸರಿಲ್ಲ.

ಜನವರಿಯ ಸಭೆಯಲ್ಲಿ ಡಾಕ್ಟರು ತಲೆ ತಗ್ಗಿಸಿ ಹೇಳಿದ. ಪುರಸಭೆಯವರು ಗಡುವು ಕೊಟ್ಟಿದ್ದಾರೆ. ಮೇ ತಿಂಗಳೊಳಗೆ ವಾರಕ್ಕೊಮ್ಮೆಯಾದರೂ ಥಿಯೇಟರಿಗೆ ಜನ ಬರುವ ಹಾಗೆ ಆಗಬೇಕು. ಇಲ್ಲದಿದ್ದರೆ ಕಟ್ಟಡ ವಾಲಿ ಬಿಯಾಂಕೆಟಿಗೆ. ದೋಣಿ ಮಾರುವ ವಾಲಿಗೆ ಚಳಿಗಾಲದಲ್ಲಿ ದೋಣಿಗಳನ್ನಿಡಲು ಜಾಗ ಬೇಕಿತ್ತು. ಕುರ್ಚಿ ಕಿತ್ತು, ಇಳಿಜಾರಿಗೆ ಕಾಂಕ್ರೀಟು ಸುರಿದು ಸಮ ಮಾಡುತ್ತಾನಂತೆ.

"ದೋಣಿನಾ?" ಎಂದಳು ಸೈಮಾ. ಕಾಫಿ ಕಪ್ಪಿನ ಹೊರಗೆ ಬಿತ್ತು.

ಅವಳನ್ನು ಮನೆಗೆ ಬಿಡಲು ನನ್ನ ಕಾರಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ, "ಡೊರೀನ್, ನನ್ನ ಜೀವಮಾನದಲ್ಲಿ ನಾನು ಕೂತಿದ್ದು ಅದೊಂದೇ ಜಾಗದಲ್ಲಿ ಕಣೇ" ಎಂದಳು. "ಮನೇಲಿ ಕೂತ್ರೆ ಕೈಗೆ ಆಲೂಗೆಡ್ಡೆನೋ ಹರಿದ ಕಾಲುಚೀಲನೋ ಬರತ್ತೆ. ಅಲ್ಲಿ ಕತ್ಲು ನೋಡು, ಮಾಡ್ಬೇಕು ಅಂದ್ರೂ ಕೆಲಸ ಕಾಣ್ತಿರ್ಲಿಲ್ಲ."

ಫೆಬ್ರವರಿಯಲ್ಲಿ ಸ್ವಯಂಸೇವಕರಿಗೆ ಒಂದು ಕೃತಜ್ಞತೆಯ ಊಟ ಇಟ್ಟರು. ಊಟ ತಂದವರು ಸ್ವಯಂಸೇವಕಿಯರೇ. ಮಾಂಸ, ಆಲೂಗೆಡ್ಡೆ ತುಂಬಿ ಬೇಯಿಸಿದ ಪಾಸ್ಟಿ ತಿಂದು ಮುಗಿಸಿದ ಮೇಲೆ ಡಾಕ್ಟರು ಅಟ್ಟದಲ್ಲಿ ಸಿಕ್ಕ ತನ್ನ ಅಪ್ಪನ ಹಳೇ ರೀಲೊಂದನ್ನು ಸಣ್ಣ ಪ್ರೊಜೆಕ್ಟರಿಗೆ ಹಾಕಿದ. ಗಣಿಯಲ್ಲಿ ಮೇಲಧಿಕಾರಿಯಾಗಿದ್ದ ಹ್ಯಾರಿ ಟ್ರೆವಾರೊ ಐವತ್ತು ವರ್ಷಗಳ ಹಿಂದೆ ತೆಗೆದ ಪಿಕ್ನಿಕ್ಕು. ದೊಡ್ಡ ಪರದೆಯ ನಡುವೆ ಚಾಪೆಯಷ್ಟಗಲದ ಬೆಳಕು. ಸದ್ದಿಲ್ಲ. ಕೆರೆ, ಕಾರು, ಮತ್ತೆ ಕೆರೆ, ಮತ್ತೆ ಕಾರು. ಎರಡೇ ನಿಮಿಷಕ್ಕೆ ಜನ ಕೆಮ್ಮತೊಡಗಿದರು, ಕೋಟು ಹುಡುಕತೊಡಗಿದರು.

ಅಷ್ಟರಲ್ಲಿ ನನ್ನ ಹತ್ತು ತಿಂಗಳ ಮೊಮ್ಮಗಳು ಕಿರುಚಲು ಶುರು ಮಾಡಿದಳು.

"ಬಾ, ನಮ್ಮ ಜಾಗಕ್ಕೆ ಹೋಗೋಣ" ಎಂದು ಸೈಮಾ ಎದ್ದಳು. ನಾಲ್ಕು ಜನ ಹೆಂಗಸರು ಅಳುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಪರದೆಯ ಮೇಲೆ ಡಾಕ್ಟರ ಅಮ್ಮ ಬೆನ್ನು ತೋರಿಸಿಕೊಂಡು ಕಾರಿನಿಂದ ಬುಟ್ಟಿ ಎಳೆಯುತ್ತಿದ್ದಳು. ಸೈಮಾಳ ಬಾಯಿ ತಾನಾಗಿಯೇ ತೆರೆಯಿತು.

"‘ಹ್ಯಾರಿ, ಆ ಡಬ್ಬಿ ಕೆಳಗಿಟ್ಟು ಈ ಬುಟ್ಟಿಗೊಂದು ಕೈ ಹಾಕ್ರೀ. ಓ, ಕ್ಯಾಮೆರಾ ಭಾರನಾ? ಪಾಪ. ಹದಿನೆಂಟು ಪಾಸ್ಟಿ, ಒಂದು ಕಲ್ಲಂಗಡಿ, ಇದೇನ್ ಬಿಡಿ, ಹತ್ತಿ ಇದ್ದಂಗಿದೆ.’"

ನನ್ನ ಮುಂದೆ ಮೈಕಿತ್ತು. ಅದರ ಬುಡದಲ್ಲೊಂದು ಗುಂಡಿ. ಹಿಂದೆ ಹೊರಗಿನ ಸದ್ದು ನಮಗೆ ಬರಬೇಕಿತ್ತು, ಬರಲಿಲ್ಲ. ಈಗ ನಮ್ಮ ಸದ್ದು ಹೊರಗೆ ಹೋಗಬಲ್ಲದು. ನಾನು ಗುಂಡಿ ಒತ್ತಿದೆ.

"‘ಗಿಲ್ಬರ್ಟ್, ಬಾ ಇಲ್ಲಿ. ಮತ್ತೆ ಒದ್ದೆ ಮಾಡ್ಕೊಂಡ್ಯಾ? ಕಾರಿನ ಹಿಂದೆ ಬಾ, ಚಡ್ಡಿ ಬದ್ಲಾಯಿಸ್ತೀನಿ. ಹ್ಯಾರಿ, ಇದನ್ನ ತೆಗೀಬೇಡ್ರೀ! ನಾಳೆ ಇವ್ನು ದೊಡ್ಡ ಮನುಷ್ಯ ಆದ್ರೆ?’"

ಗಾಜಿನಾಚೆ ಭುಜಗಳು ಕುಣಿಯತೊಡಗಿದವು. ಒಂದೊಂದೇ ತಲೆ ನಮ್ಮ ಕಡೆ ತಿರುಗಿತು.

"ಏನಾಯ್ತೇ ಇವ್ರಿಗೆ? ನಮ್ಮ ಹಿಂದೆ ಏನಾದ್ರೂ ಹೊತ್ಕೊಂಡು ಉರೀತಿದ್ಯಾ?" ಎಂದಳು ಸೈಮಾ. ಅದೂ ಹೊರಗೆ ಹೋಯಿತು. ಜನ ಕುರ್ಚಿ ಹಿಡಿದುಕೊಂಡು ನಕ್ಕರು. ಕೋಟು ಹಾಕಿಕೊಂಡವರು ಬಿಚ್ಚಿ ಕೂತರು.

ರೀಲು ಮುಗಿಯುವ ಹೊತ್ತಿಗೆ ಆ ಹೆಂಗಸು ಒಮ್ಮೆ, ಒಂದೇ ಒಂದು ಸಲ, ಕೂದಲು ಹಿಂದೆ ತಳ್ಳಿ ಕ್ಯಾಮೆರಾದ ಕಡೆ ಮುಖ ಮಾಡಿದಳು.

"ಇಗೋ ಬಂದ್ಳು" ಎಂದಳು ಸೈಮಾ ಮೆಲ್ಲಗೆ. "ಹೋದ್ಳು."

ನಗು ನಿಂತಿತು. ಡಾಕ್ಟರು ಪ್ರೊಜೆಕ್ಟರ್ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಆ ಮುಖವನ್ನು ಮತ್ತೆ ಹಾಕಿದ. ಇನ್ನೊಂದು ಸಲವೂ ಹಾಕಿದ. ಆಮೇಲೆ ಅಳುಕೋಣೆಯ ಬಾಗಿಲಿಗೆ ಬಂದು ನಿಂತ.

"ಅಮ್ಮ ಹೀಗೆ ಮಾತಾಡಿದ್ದನ್ನ ನಾನು ಕೇಳೇ ಇಲ್ಲ" ಎಂದ.

"ಹೀಗೇ ಮಾತಾಡ್ತಿದ್ರು. ನಿನ್ನ ತಂಗೀನ ಎತ್ಕೊಂಡು ಇದೇ ಕುರ್ಚೀಲಿ ಕೂರ್ತಿದ್ರು. ಮನೇಲಿ ಅಲ್ಲ ಗಿಲ್ಬರ್ಟ್, ಈ ಗಾಜಿನೊಳಗೆ ಮಾತ್ರ." ಅಷ್ಟು ವರ್ಷ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದವಳು ಅಂದು ಹೆಸರು ಹಿಡಿದು ಕರೆದಳು.

ಆ ಗುಂಡಿ ತಾನಾಗಿ ಒತ್ತಿಹೋಗಿತ್ತು ಎಂದು ಸೈಮಾ ಇವತ್ತಿಗೂ ನಂಬಿದ್ದಾಳೆ. ಅಥವಾ ನಂಬಿದ ಹಾಗೆ ನಟಿಸುತ್ತಾಳೆ. ನಾನೂ ಹೇಳಲು ಹೋಗಿಲ್ಲ.

ಆ ವಾರದಲ್ಲೇ ಜನ ತಮ್ಮ ತಮ್ಮ ಅಟ್ಟ ಹತ್ತಿದರು. ಬೂಟಿನ ಡಬ್ಬಿಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ರೀಲುಗಳು ಡಾಕ್ಟರ ಮನೆ ಮುಟ್ಟಿದವು. ಎಲ್ಲವನ್ನೂ ಗಂಡಸರೇ ತೆಗೆದದ್ದು. ಎಲ್ಲದರಲ್ಲೂ ಅಂಚಿನಲ್ಲಿ ಒಬ್ಬ ಹೆಂಗಸು ಏನನ್ನೋ ಹೊತ್ತುಕೊಂಡು ದಾಟಿ ಹೋಗುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಒಂದು ಮನೆಯ ರೀಲು, ಅದಕ್ಕೆ ಸೈಮಾಳ ದನಿ ಎಂದಾಯಿತು. ಆ ಮನೆಯ ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪನ ಮಕ್ಕಳು ನಾಲ್ಕು ಗಂಟೆ ದಾರಿ ಕಾರು ಓಡಿಸಿಕೊಂಡು ಬಂದರು. ಬಂದವರು ಊಟಕ್ಕೆ ಉಳಿದರು. ಏಪ್ರಿಲ್ ಹೊತ್ತಿಗೆ ಮುಂದಿನ ಚಳಿಗಾಲದವರೆಗೂ ಮಂಗಳವಾರಗಳೆಲ್ಲ ಹಂಚಿಹೋಗಿದ್ದವು. ಥಿಯೇಟರಿನ ಬಾಗಿಲ ಅಗಲ ಅಳೆಯಲು ಟೇಪು ಹಿಡಿದು ಬಂದ ವಾಲಿ ಬಿಯಾಂಕೆಟಿ, ಕೊನೆಯ ಸಾಲಿನಲ್ಲಿ ಐದು ನಿಮಿಷ ಎಂದು ಕೂತವನು ಊಟದವರೆಗೂ ಕೂತ. ಮರುವಾರ ತನ್ನ ಅಮ್ಮ ಇದ್ದ ರೀಲಿನ ಡಬ್ಬಿ ತಂದ.

"ನಮ್ಮಮ್ಮ ಸ್ವಲ್ಪ ಬಯ್ತಿದ್ಲು" ಎಂದು ಸೈಮಾಗೆ ಎಚ್ಚರಿಕೆ ಕೊಟ್ಟ.

"ಗೊತ್ತು ಬಿಡಪ್ಪ. ಇಟಾಲಿಯನ್‌ನಲ್ಲೂ ಬಯ್ತಿದ್ರು. ಅದನ್ನೂ ಹಾಕ್ಲಾ?"

ಪುರಸಭೆಯ ಸಭೆಗೆ ಒಂದು ವಾರವಿದ್ದಾಗ ಸಮಿತಿ ಸೇರಿತು. ಡಾಕ್ಟರು ಖುಷಿಯಲ್ಲಿದ್ದ. ಪ್ರತಿ ಮಂಗಳವಾರ, ವರ್ಷಪೂರ್ತಿ, ಎಂದು ಬರೆದುಕೊಡುತ್ತೇವೆ ಎಂದ. ನಂತರ ಕಾಫಿ ಬಗ್ಗಿಸುತ್ತಿದ್ದವಳ ಕಡೆ ತಿರುಗಿ, "ಸೈಮಾ, ನೀವು ಹೇಗಿದ್ರೂ ಸೋಮವಾರ ಬರ್ತೀರಲ್ಲ, ಮಂಗಳವಾರಾನೂ ಬಂದ್ರೆ ಆಯ್ತು" ಎಂದ.

ಸೈಮಾ ಪಾತ್ರೆ ಕೆಳಗಿಟ್ಟು, ಖಾಲಿ ಕುರ್ಚಿಯೊಂದನ್ನು ಎಳೆದು ಮೇಜಿನ ಎದುರು ಕೂತಳು. ಆರು ವರ್ಷದಲ್ಲಿ ಅದೇ ಮೊದಲು.

"ಮಂಗಳವಾರ ಬರ್ತೀನಿ. ಸೋಮವಾರ ಬರಲ್ಲ."

"ಅಂದ್ರೆ?"

"ಪೊರಕೆ, ಬಕೇಟು, ಕಕ್ಕಸಿನ ಬ್ರಷ್ಷು ಎಲ್ಲಾ ಮೆಟ್ಟಿಲ ಕೆಳಗಿದೆ. ನೀವು ಏಳು ಜನ ಇದ್ದೀರ. ಏಳು ವಾರಕ್ಕೊಂದು ಸಲ ಒಬ್ಬೊಬ್ರಿಗೆ ಬರತ್ತೆ, ಅಷ್ಟೇ. ನಂಗೆ ಎರಡೂ ಆಗಲ್ಲ. ಒಂದೋ ಬಾಯಿ, ಒಂದೋ ಬಕೇಟು. ನಿಮ್ಗೆ ಯಾವ್ದು ಬೇಕು ಹೇಳಿ."

ಒಬ್ಬರು ಬೆನ್ನುನೋವಿನ ವಿಷಯ ತೆಗೆದರು. "ನಂಗೂ ಇದೆ" ಎಂದಳು ಸೈಮಾ. ಹನ್ನೆರಡು ವರ್ಷದ ಚಿನ್ನದ ಬಳ್ಳಿಗಳು, ಅವುಗಳ ಕೆಳಗೆ ಸಾಲಾಗಿ ನಿಂತ ದೋಣಿಗಳು ಡಾಕ್ಟರ ಕಣ್ಣಿಗೆ ಕಟ್ಟಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡ.

"ಮೊದಲ ಸೋಮವಾರ ನಂದು" ಎಂದ. "ಹಾಜರಿದ್ದವರ ಪಟ್ಟೀಲಿ ಸೈಮಾ ಲೆಹ್ಟೊ ಅಂತ ಸೇರಿಸ್ರಪ್ಪಾ."

ಪುರಸಭೆ ಒಪ್ಪಿತು. ವಾಲಿಯೇ ಎದ್ದು ನಿಂತು, ದೋಣಿಗೆ ಬೇರೆ ಜಾಗ ನೋಡಿಕೊಳ್ಳುತ್ತೇನೆ ಎಂದ.

ಮುಂದಿನ ಮಂಗಳವಾರ ನಾನೂ ಸೈಮಾಳೂ ಅಳುಕೋಣೆಗೆ ಹೋದೆವು. ಹೊರಗೆ ಮುನ್ನೂರು ಜನ. ಮೊದಲ ಸಾಲಿನಲ್ಲಿ ರೈನೊ, ಅವನ ಪಕ್ಕದಲ್ಲಿ ಅಂಗೈ ಬೊಕ್ಕೆ ನೋಡಿಕೊಳ್ಳುತ್ತಿದ್ದ ಡಾಕ್ಟರು. ಕಕ್ಕಸು ಘಮಘಮ ಎನ್ನುತ್ತಿತ್ತು, ಒಂದು ತಿಂಗಳಿಗಾಗುವ ಸೋಪು ಸುರಿದಿದ್ದ. ಆದರೆ ನಮ್ಮ ಮುಂದಿನ ಗಾಜನ್ನು ಯಾವುದೋ ತಪ್ಪು ಬಟ್ಟೆಯಿಂದ ಒರೆಸಿದ್ದ. ಮೇಲಿಂದ ಕೆಳಗಿನವರೆಗೂ ಗೀರು ಗೀರು.

ಸೈಮಾಳ ಕೈ ಏಪ್ರನ್ನಿನ ಜೇಬಿಗೆ ಹೋಯಿತು. ಅಲ್ಲಿ ಒರಸುಬಟ್ಟೆ ಇದ್ದೇ ಇರುತ್ತದೆ. ಅರ್ಧ ಹೊರಗೆ ಬಂತು. ಅವಳು ಗಾಜು ನೋಡಿದಳು, ಬಟ್ಟೆ ನೋಡಿದಳು.

"ಕಾಣ್ಸತ್ತೆ ಬಿಡು" ಎಂದು ಬಟ್ಟೆಯನ್ನು ಒಳಗೆ ತುರುಕಿ ಕೂತಳು. ದೀಪ ಆರಿತು. ಪರದೆಯ ಅಂಚಿನಲ್ಲಿ ಯಾರದೋ ಅಮ್ಮ ಕೊಡ ಹಿಡಿದು ನಡೆದು ಬಂದಳು. ಸೈಮಾ ಮೈಕಿನ ಬುಡಕ್ಕೆ ಬೆರಳಿಟ್ಟು, ತಾನೇ ಗುಂಡಿ ಒತ್ತಿದಳು.